ಬರ್ತೇನೆ ಎಂದವರ ಬಸ್ಸು

ಆ ಬುಧವಾರ ಬೆಳಿಗ್ಗೆ ಮಂಗಳೂರಿನಿಂದ ಕಳಸಕ್ಕೆ ಹೊರಟ ಬಸ್ಸಿನಲ್ಲಿ, ಎಡಬದಿಯ ಮೂರನೇ ಸೀಟಿನ ಕಿಟಕಿಗೆ ನನ್ನ ಹೆಂಡತಿ ಸಿಸಿಲಿ, ಪಕ್ಕದಲ್ಲಿ ನಾನು, ನಮ್ಮ ಹಿಂದೆ ಬಂದರಿನ ಒಣಮೀನು ವ್ಯಾಪಾರಿ ಹಸನಬ್ಬ, ಅವರ ಪಕ್ಕದಲ್ಲಿ ಅವರ ಚೀಲ. ಬಾಗಿಲಲ್ಲಿ ಕಂಡಕ್ಟರ್ ಸುಂದರಣ್ಣ. ಬೇರೆ ಪ್ರಯಾಣಿಕರೂ ಇದ್ದರು; ಆದರೆ ಚೀಲದ ವಾಸನೆಗೆ ಮರ್ಯಾದೆ ಕೊಟ್ಟು ಅವರೆಲ್ಲ ಸ್ವಲ್ಪ ದೂರದಲ್ಲಿ ಕುಳಿತಿದ್ದರು.

ನಮಗೆ ಕಾರಿಲ್ಲದೆ ಆಗ ಐದು ತಿಂಗಳಾಗಿತ್ತು. ನನ್ನ ಬಲಗಣ್ಣು ಪರೀಕ್ಷಿಸಿದ ಡಾಕ್ಟರು, "ಇನ್ನು ಸ್ಟೇರಿಂಗ್ ಹಿಡಿಯುವುದು ಬೇಡ" ಎಂದರು. ಕಾರು ತಂಗಿಯ ಮಗನ ಮನೆಗೆ ಹೋಯಿತು. ಆಮೇಲೂ ಎಷ್ಟೋ ದಿನ ಮನೆಯಿಂದ ಹೊರಡುವಾಗ ನಾನು ಕಿಸೆ ತಡವಿ ಇಲ್ಲದ ಕೀಲಿ ಹುಡುಕುತ್ತಿದ್ದೆ. ಅದೇ ವರ್ಷ ಸಿಸಿಲಿಯ ಮೊಣಕಾಲಿನ ಆಪರೇಷನ್ನೂ ಆಗಿತ್ತು. ಜೀವಮಾನವಿಡೀ ನರ್ಸ್ ಆಗಿ ಇತರರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸಿದವಳು, ತನ್ನ ಸರದಿ ಬಂದಾಗ ಬೋಳಾರದ ನಮ್ಮ ಮನೆಯಿಂದ ಭಾನುವಾರದ ಪೂಜೆಗೆ ಇಗರ್ಜಿಯವರೆಗೆ ನಡೆದು ಅಲ್ಲಿಗೇ ನಿಂತಳು. "ಇನ್ನು ನಮ್ಮದು ಬೋಳಾರ, ಇಗರ್ಜಿ, ಮೀನು ಮಾರ್ಕೆಟ್. ಅಷ್ಟೇ" ಎಂದಳು. ಬೇಸರದಲ್ಲಿ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಹೇಳಿದ್ದು ರೋಗಿಯ ಚಾರ್ಟ್ ಓದುವ ದನಿಯಲ್ಲಿ. ನನಗೆ ಹೆದರಿಕೆಯಾದದ್ದು ಆ ದನಿಗೆ.

ಕುದುರೆಮುಖದ ರಾಷ್ಟ್ರೀಯ ಉದ್ಯಾನವನ್ನು ನಾವು ಕಾರಿನಲ್ಲಿ ಎಷ್ಟೋ ಸಲ ದಾಟಿದ್ದೇವೆ. 'ನೋಡಿದ್ದೇವೆ' ಎಂದು ಬರೆಯಲು ಕೈ ಬರುವುದಿಲ್ಲ. ಚೆಕ್‌ಪೋಸ್ಟಿನಲ್ಲಿ ಕಾರಿನವರಿಗೆ ಸಮಯ ಬರೆದ ಒಂದು ಚೀಟಿ ಕೊಡುತ್ತಾರೆ. ಇಷ್ಟು ಹೊತ್ತಿನೊಳಗೆ ಆಚೆ ಬದಿಯಲ್ಲಿ ಹೊರಬೀಳಬೇಕು. ಕಾಡಿಗೆ ಒಳ್ಳೆಯದೇ. ಆದರೆ ನಾನು ಆ ಚೀಟಿ ಸಿಕ್ಕಿದ ಕೂಡಲೇ ಪರೀಕ್ಷೆ ಬರೆಯುವವನ ಹಾಗೆ ಬೆವರುತ್ತಿದ್ದೆ. ಹನುಮಾನ್‌ಗುಂಡಿ ಜಲಪಾತದ ಬೋರ್ಡು ಕಂಡಾಗಲೆಲ್ಲ ಸಿಸಿಲಿ, "ಒಮ್ಮೆ ನಿಲ್ಲಿಸಿ, ಆ ನೀರಿಗೆ ಕಾಲು ಹಾಕಿ ಬರುವಾ" ಎನ್ನುತ್ತಿದ್ದಳು. "ಚೀಟಿ ಉಂಟು. ಮುಂದಿನ ಸಲ" ಎನ್ನುತ್ತಿದ್ದೆ. ಜಲಪಾತಕ್ಕೆ ಇಳಿಯುವವರಿಗೆ ಬೇರೆ ವ್ಯವಸ್ಥೆ ಉಂಟೋ ಇಲ್ಲವೋ, ಕೇಳುವ ತಾಳ್ಮೆಯೇ ನನಗಿರಲಿಲ್ಲ. ಹೀಗೆ ಮುಂದಿನ ಸಲ ಎನ್ನುತ್ತಾ ಎನ್ನುತ್ತಾ ಅವಳ ಮೊಣಕಾಲೂ ನನ್ನ ಕಣ್ಣೂ ಸವೆದವು.

ಕಳಸದ ಬಸ್ಸಿನಲ್ಲಿ ಆ ಜಲಪಾತಕ್ಕೆ ಹೋಗುವಾ ಎಂದು ನಾನು ಹೇಳಿದಾಗ ಅವಳು ಮೊಣಕಾಲು ಸವರಿಕೊಂಡಳು. "ಸರಿ. ಇದೊಂದು ಸಲ. ಎಡವಟ್ಟಾದರೆ ಮತ್ತೆ ನನ್ನನ್ನು ಎಲ್ಲಿಗೂ ಕರೆಯಬಾರದು" ಎಂದಳು. ಒಂದು ಜಲಪಾತಕ್ಕಿಂತ ದೊಡ್ಡ ವಿಷಯವೇ ಆ ಬಸ್ಸನ್ನು ನೆಚ್ಚಿಕೊಂಡು ನಿಂತಿತ್ತು.

ಬಸ್ಸಿನ ಗುಣವೇನೆಂದರೆ, ರಸ್ತೆ ನೋಡುವ ಕೆಲಸವನ್ನು ಇನ್ನೊಬ್ಬರ ಕಣ್ಣಿಗೆ ಒಪ್ಪಿಸಿ ನಮ್ಮ ಕಣ್ಣನ್ನು ಬೆಟ್ಟಕ್ಕೆ ಬಿಡಬಹುದು. ಒಂದೂವರೆ ಕಣ್ಣಿನಲ್ಲಿ ನಾನು ಆ ದಿನ ಕಂಡದ್ದನ್ನು ಎರಡು ಕಣ್ಣಿದ್ದಾಗ ಕಂಡಿರಲಿಲ್ಲ. ಅಲ್ಲಿ ಗುಡ್ಡದ ನೆತ್ತಿಯಲ್ಲೆಲ್ಲ ಬರೀ ಹುಲ್ಲು, ಮಡಿಕೆಗಳಲ್ಲಿ ಮಾತ್ರ ದಟ್ಟ ಕಾಡು. "ನಿಮ್ಮ ತಲೆಯ ಹಾಗೆ" ಎಂದಳು ಸಿಸಿಲಿ. ನನಗೂ ಕೂದಲು ಉಳಿದಿರುವುದು ಕಿವಿಯ ಹಿಂದೆ ಮಾತ್ರ. ಹಿಂದಿನ ಸೀಟಿನಿಂದ ಹಸನಬ್ಬ ನಕ್ಕರು.

ಹನುಮಾನ್‌ಗುಂಡಿಯಲ್ಲಿ ಇಳಿಯುವಾಗ ಸುಂದರಣ್ಣ ಸಿಸಿಲಿಯ ಕೈಗೋಲು ಹಿಡಿದುಕೊಂಡು ಹೇಳಿದರು: "ಮೂರೂವರೆಗೆ ನಮ್ದೇ ಗಾಡಿ ವಾಪಸ್ ಬರ್ತದೆ ಪೊರ್ಬುಲೆ. ಅದು ತಪ್ಪಿದ್ರೆ ಮತ್ತೆ ನಾಳೆಯೇ. ಇಲ್ಲಿ ಉಳಿಲಿಕ್ಕೆ ಎಂತದೂ ಇಲ್ಲ. ಕಾಡುಕೋಣ ಮಾತ್ರ ಉಂಟು." ತುಳು ಮಾತಾಡುವವರು ನಮ್ಮಂಥ ಕ್ರಿಶ್ಚಿಯನ್ ಗಂಡಸರನ್ನು ಪೊರ್ಬು ಎಂದು, ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ವಾಡಿಕೆ. ನಾನು ತಲೆಯಾಡಿಸಿ, ಅಭ್ಯಾಸದಂತೆ "ಬರ್ತೇನೆ ಆಯ್ತಾ" ಎಂದೆ. ಸುಂದರಣ್ಣ "ರೈಟ್ ಪೋಯಿ" ಎಂದು ಬಸ್ಸಿನ ಬೆನ್ನಿಗೆ ಬಡಿದರು.

ಈ 'ಬರ್ತೇನೆ'ಯ ಬಗ್ಗೆ ಒಂದು ಮಾತು ಹೇಳಬೇಕು. ನನ್ನ ಕನ್ನಡ ಶಾಲೆಯಲ್ಲಿ ಹುಟ್ಟಿದ್ದಲ್ಲ. ಮನೆಯಲ್ಲಿ ಅಜ್ಜಿಯ ಕೊಂಕಣಿ. ಪಕ್ಕದ ಮನೆಯ ಪದ್ಮಕ್ಕನ ಅಡುಗೆಕೋಣೆಯಲ್ಲಿ ಕಲಿತದ್ದು ಕನ್ನಡ. ಅಲ್ಲಿಂದ ಹೊರಡುವಾಗ ನಾನು "ಹೋಗ್ತೇನೆ" ಎಂದರೆ ಪದ್ಮಕ್ಕ ಬಿಡುತ್ತಿರಲಿಲ್ಲ. ಪುನಃ ಒಳಗೆ ಕರೆದು, ಮಣೆಯ ಮೇಲೆ ಕೂರಿಸಿ, ಎಬ್ಬಿಸಿ, "ಈಗ ಸರಿಯಾಗಿ ಹೇಳಿ ಹೊರಡು" ಎನ್ನುತ್ತಿದ್ದರು. ಅಜ್ಜಿಯ ಕೊಂಕಣಿಯಲ್ಲೂ ಹೊರಡುವವರ ಮಾತು 'ಯೆತಾಂ', ತುಳುವಿನಲ್ಲಿ 'ಬರ್ಪೆ'. ಮೂರು ಭಾಷೆಗಳೂ ಹೋಗುವವನ ಬಾಯಲ್ಲಿ ಬರುವುದನ್ನೇ ಹೇಳಿಸುತ್ತವೆ. ಯಾವಾಗ ಬರುತ್ತೀ ಎಂದು ಯಾರೂ ಕೇಳುವುದಿಲ್ಲ. ಅದು ಸೌಜನ್ಯ, ಕರಾರು ಅಲ್ಲ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಮೆಟ್ಟಿಲು ಇಳಿಯುವುದು ಸುಲಭವೇ ಆಯಿತು. ಸಿಸಿಲಿ ಬಂಡೆಯ ಮೇಲೆ ಕುಳಿತು, ಸೀರೆಯನ್ನು ಸ್ವಲ್ಪ ಎತ್ತಿಕೊಂಡು, ಮೊಣಕಾಲಿನ ಹೊಲಿಗೆ ಗುರುತಿನ ಕೆಳಗಿನವರೆಗೆ ಕಾಲನ್ನು ನೀರಿಗೆ ಇಳಿಬಿಟ್ಟಳು. ಆಮೇಲೆ, "ಐಸಿನ ಹಾಗೆ ಉಂಟು" ಎಂದಳು. ನಾವು ಬುತ್ತಿ ಬಿಚ್ಚಿ ಇಡ್ಲಿಯಂಥ ನಮ್ಮ ಸನ್ನ ತಿಂದೆವು. ಕೈಗಡಿಯಾರ ನೋಡುವ ಚಟವನ್ನು ಚೀಟಿಯ ಜೊತೆಗೇ ಬಿಟ್ಟಿದ್ದೇನೆಂದು ನಾನು ಹೆಮ್ಮೆಪಡುತ್ತಿದ್ದೆ. ಅಲ್ಲೇ ತಪ್ಪಿದ್ದು.

ಹತ್ತುವಾಗ ಸಿಸಿಲಿ ಐದು ಮೆಟ್ಟಿಲಿಗೊಮ್ಮೆ ನಿಂತಳು, ಮತ್ತೆ ಮೂರಕ್ಕೊಮ್ಮೆ. ಅರ್ಧ ದಾರಿಯಲ್ಲಿರುವಾಗ ಮೂರೂವರೆ. ಮೇಲೆ ಎಲ್ಲೋ ಬಸ್ಸಿನ ಹಾರ್ನ್ ಕೇಳಿತು.

"ನೀವು ಓಡಿ. ನಿಲ್ಲಿಸಿ" ಎಂದಳು.

ನಾನು ಓಡಿದೆ. ಏಳು ಮೆಟ್ಟಿಲು ಓಡಿ, ಎಂಟನೆಯದರಲ್ಲಿ ಕುಳಿತೆ. ಅವಳು ಕೋಲೂರಿ ಬಂದು ನನ್ನನ್ನು ಸೇರಿಕೊಂಡಳು. ನಾಡಿ ಹಿಡಿದು ನೋಡಿದಳು. "ಬಸ್ಸು ಹೋಯಿತು" ಎಂದಳು, ಅದೇ ಚಾರ್ಟಿನ ದನಿ. ನಾನು ಮೊಣಕಾಲಿಗೆ ಕೈಯೂರಿ ಏಳುತ್ತಿರುವಾಗ ಹಾರ್ನ್ ಮತ್ತೆ ಕೇಳಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಹೋಗುತ್ತಿರುವ ಬಸ್ಸಿನ ಹಾರ್ನ್ ಸಣ್ಣದಾಗುತ್ತಾ ಹೋಗಬೇಕು. ಇದು ಇದ್ದಲ್ಲೇ ಇತ್ತು.

ನಾವು ರಸ್ತೆಗೆ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ. ಬಸ್ಸು ನಿಂತಿತ್ತು. ಎಲ್ಲ ಕಿಟಕಿಗಳಿಂದಲೂ ಮುಖಗಳು ನಮ್ಮನ್ನೇ ನೋಡುತ್ತಿದ್ದವು; ಕೆಲವು ಸಿಟ್ಟಿನವು, ಆದರೆ ಸಿಸಿಲಿಯ ಕೋಲು ಕಂಡ ಮೇಲೆ ಅವು ಬೇರೆ ಕಡೆ ತಿರುಗಿದವು. ನಾವು ಹತ್ತಿ ಕುಳಿತ ಮೇಲೆ ನಡೆದದ್ದನ್ನು ಹೇಳಿದವರು ಹಸನಬ್ಬ. ಬೆಳಗಿನ ಚೀಲವನ್ನು ಕಳಸದ ಅಂಗಡಿಗೆ ಕೊಟ್ಟು ಅವರೂ ಅದೇ ಬಸ್ಸಿನಲ್ಲಿ ಮರಳುತ್ತಿದ್ದರು.

"ಎಲ್ಲ ಬೊಬ್ಬೆ ಹಾಕಿದ್ರು ಮಾರಾಯ್ರೆ, ಬಿಡು ಬಿಡು ಅಂತ. ಈ ಸುಂದರಣ್ಣ ಕೇಳ್ಬೇಕಲ್ಲ. 'ಬರ್ತೇನೆ ಅಂತ ಹೇಳಿ ಇಳ್ದಿದ್ದಾರೆ, ಬರ್ತಾರೆ' ಅಂತ ಒಂದೇ ಮಾತು. ನಾನು ಹೇಳಿದೆ, ಅದು ಎಲ್ಲರೂ ಹೇಳುದು. ನಾನೂ ಮಾವನ ಮನೆಯಿಂದ ಇಳಿಯುವಾಗ ಬರ್ತೇನೆ ಹೇಳ್ತೇನೆ. ಮತ್ತೆ ಹೋಗದೆ ಎರಡು ವರ್ಷ ಆಯ್ತು."

"ಅದಕ್ಕೆ ಸುಂದರಣ್ಣ ಎಂತ ಹೇಳಿದ್ರು?" ಸಿಸಿಲಿ ಕೇಳಿದಳು.

"ಎಂತ ಹೇಳುದು ಬಾಯಮ್ಮ. 'ನಿಮ್ಮ ಮಾವ ಬಸ್ ನಿಲ್ಲಿಸಿಕೊಂಡು ಕಾಯ್ತಾ ಇಲ್ಲವಲ್ಲ' ಅಂದ್ರು."

ನಾನು ಎದ್ದು ಸುಂದರಣ್ಣನ ಬಳಿ ಹೋಗಿ ಕೃತಜ್ಞತೆ ಹೇಳಲು ಹೊರಟೆ. ಮೈಕಿನ ಮುಂದೆ ನಿಂತು ಭಾಷಣ ಮಾಡುವವನ ಕನ್ನಡವೇ ಬಾಯಿಗೆ ಬಂತು. ಅವರು ಟಿಕೆಟು ಹರಿಯುತ್ತಾ, "ಬರ್ತೇನೆ ಅಂದ್ರಿ, ಬಂದ್ರಿ. ಅದಕ್ಕೆ ಎಂತ ಥ್ಯಾಂಕ್ಸ್? ಕೂತ್ಕೊಳ್ಳಿ, ತಿರುವು ಉಂಟು" ಎಂದರು. ಮೂರು ಭಾಷೆಯಲ್ಲಿ ನಾನು ಸೌಜನ್ಯವೆಂದುಕೊಂಡದ್ದನ್ನು ಅವರು ಒಂದು ಭಾಷೆಯಲ್ಲಿ ಕರಾರು ಮಾಡಿಬಿಟ್ಟಿದ್ದರು. ಪದ್ಮಕ್ಕ ಇದ್ದಿದ್ದರೆ ಅವರನ್ನು ಮಣೆಯ ಮೇಲೆ ಕೂರಿಸಿ ಊಟ ಹಾಕುತ್ತಿದ್ದರು.

ನಾನು ಕಾರು ಓಡಿಸಿದಷ್ಟು ವರ್ಷ ನನಗಾಗಿ ಯಾರೂ ದಾರಿಯಲ್ಲಿ ಕಾದದ್ದಿಲ್ಲ. ಕಾಯುವ ಅಗತ್ಯವೇ ಇರಲಿಲ್ಲ. ಕಾರಿರುವವನು ಅಷ್ಟರಮಟ್ಟಿಗೆ ಬಡವ. ಘಾಟಿ ಇಳಿಯುವಾಗ ಸಿಸಿಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಅವಳ ಚಪ್ಪಲಿ ಇನ್ನೂ ಒದ್ದೆಯಿತ್ತು. ಎಡವಟ್ಟಾಯಿತೋ ಇಲ್ಲವೋ ಎಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಕಳೆದ ಮಂಗಳವಾರ ಬೆಳಿಗ್ಗೆ ಸಿಸಿಲಿ ಕೋಲು, ಕೊಡೆ, ನೀರಿನ ಬಾಟಲಿ ತೆಗೆದುಕೊಂಡಳು. ಕಾರ್ಕಳದಲ್ಲಿ ಅವಳ ಜೊತೆ ಕೆಲಸ ಮಾಡಿದ ಗೆಳತಿಯೊಬ್ಬಳಿದ್ದಾಳೆ; ಅವಳನ್ನು ನೋಡಿಕೊಂಡು ಸಂಜೆ ಐದರ ಹೊತ್ತಿನ ಬಸ್ಸಿಗೆ ಮರಳುವುದು. ನಾನೂ ಬರಲೇ ಎಂದೆ. "ನೀವು ಬೇಡ, ಓಡುವುದು ಬಂದರೆ ಕಷ್ಟ" ಎಂದಳು. ಬಾಗಿಲಲ್ಲಿ ತಿರುಗಿ "ಯೆತಾಂ" ಎಂದಳು.

ನಾಲ್ಕೂವರೆಗೇ ಹೋಗಿ ನಾನು ಬಸ್‌ಸ್ಟಾಪಿನಲ್ಲಿ ನಿಂತೆ. ಐದೂ ಇಪ್ಪತ್ತಕ್ಕೆ ಬಸ್ಸು ಬಂತು. ಅವಳು ಇಳಿದಳು.