ಕೂರಿಗೆ ಹಿಂದಿನ ಹಲಗೆ

ಭೀಮಮ್ಮನ ಸಿಟ್ಟು ಅರ್ಥವಾಗಬೇಕಾದರೆ ಮೊದಲು ಅವಳ ಬಲಗೈ ಅರ್ಥವಾಗಬೇಕು. ಸೇಡಂ ತಾಲೂಕಿನ ಆಡಕಿ ಕಡೆ, ಕಾಗಿಣಾ ಹೊಳೆ ದಂಡೆಯ ಊರುಗಳಲ್ಲಿ ತೊಗರಿ ಬಿತ್ತುವಾಗ ಗಂಡಸು ಎತ್ತು ಕಟ್ಟಿ ಕೂರಿಗೆ ಹೊಡೆಯುತ್ತಾನೆ. ಹೆಂಗಸು ಅದರ ಹಿಂದೆ ನಡೆಯುತ್ತ, ಉಡಿಯಲ್ಲಿ ತುಂಬಿಕೊಂಡ ಕಾಳನ್ನು ಕೂರಿಗೆಯ ಮೇಲಿನ ಮರದ ಬಟ್ಟಲಿಗೆ ಬಿಡುತ್ತ ಹೋಗುತ್ತಾಳೆ. ಬಟ್ಟಲ ತಳದ ತೂತುಗಳಿಂದ ಕಾಳು ಕೊಳವೆಯಲ್ಲಿ ಇಳಿದು ಸಾಲಿಗೆ ಬೀಳುತ್ತದೆ. ನೋಡುವವರಿಗೆ ಇದೇನು ಮಹಾ ಅನಿಸುತ್ತದೆ. ಮುಷ್ಟಿ ಒಂಚೂರು ಸಡಿಲಾದರೆ ಒಂದೇ ಕಡೆ ಹತ್ತು ಕಾಳು, ಒಂಚೂರು ಬಿಗಿಯಾದರೆ ಮಾರುದ್ದ ಬಯಲು. ಭೀಮಮ್ಮ ಬಿತ್ತಿದ ಹೊಲದಲ್ಲಿ ಗಿಡದಿಂದ ಗಿಡಕ್ಕೆ ಗೇಣು ಅಂದರೆ ಗೇಣು. ಹನ್ನೆರಡು ವರ್ಷ ಸಿದ್ದಣ್ಣ ಸಾವ್ಕಾರರ ಹತ್ತು ಎಕರೆಗೆ ಅವಳೇ ಬಿತ್ತುವಾಕೆ. ಜೂನಿನಲ್ಲಿ ಮಿರಗದ, ಅಂದರೆ ಮೃಗಶಿರಾ ಮಳೆ ಬಿದ್ದು ಹೊಲ ಹದಕ್ಕೆ ಬಂತೆಂದರೆ ಅವರ ಮನೆಯಿಂದ ಮೊದಲ ಕರೆ ಅವಳಿಗೆ. ಅರಿಸಿನ ಕುಂಕುಮ ಹಚ್ಚಿ, ಉಡಿಗೆ ಬೀಜ ತುಂಬಿದ ಮೇಲೆಯೇ ಎತ್ತುಗಳು ಹೆಜ್ಜೆ ಎತ್ತುತ್ತಿದ್ದವು.

ಮೂರು ವರ್ಷದ ಹಿಂದೆ ಗಂಡ ಸಾಯಬಣ್ಣ ಸೇಡಂ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಅವನ ಜೊತೆಗೆ ಭೀಮಮ್ಮನ ಬಲಗೈಯೂ ತೀರಿಹೋಯಿತೆಂದು ಊರು ತೀರ್ಮಾನಿಸಿಬಿಟ್ಟಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆ ವರ್ಷ ಮಿರಗಕ್ಕೆ ಕರೆ ಬರಲಿಲ್ಲ, ಅಷ್ಟೇ. ಕಳೆ ತೆಗೆಯಲು ಕರೆದರು, ತೊಗರಿ ಕೊಯ್ಯಲು ಕರೆದರು, ರಾಶಿ ಮಾಡಲು ಕರೆದರು. ಬಿತ್ತಲು ಮಾತ್ರ ಗಂಡನಿಲ್ಲದವಳ ಕೈ ಆಗದು. ಕಳೆ ಕೀಳುವಾಗ ಇಲ್ಲದ ಅಪಶಕುನ ಕಾಳು ಬಿಡುವಾಗ ಎಲ್ಲಿಂದ ಹುಟ್ಟಿಕೊಳ್ಳುತ್ತದೆ? ಕೂಲಿ ಕಡಿಮೆಯ ಕೆಲಸಕ್ಕೆಲ್ಲ ಶುಭವಾಗಿರುವ ಕೈ, ಮರ್ಯಾದೆಯ ಕೆಲಸ ಬಂದ ಕೂಡಲೇ ಅಶುಭವಾಗುವುದು ಎಂಥ ಶಾಸ್ತ್ರವೋ ದೇವರೇ ಬಲ್ಲ. ತನ್ನದೇ ಎರಡು ಎಕರೆಗೆ ಬಾಡಿಗೆ ಕೂರಿಗೆ ತರಿಸಿದರೆ ಕೂರಿಗೆಯವನು ತನ್ನ ಹೆಂಡತಿಯನ್ನೂ ಕರೆದುಕೊಂಡೇ ಬಂದ. ಬಂದವಳು ಕಾಳು ಚೆಲ್ಲಾಡುವುದನ್ನು ಭೀಮಮ್ಮ ಬದುವಿನ ಮೇಲೆ ನಿಂತು ನೋಡಿದಳು. ಅವತ್ತೇ ನಿರ್ಧಾರ ಮಾಡಿದಳು: ಕೂರಿಗೆ ತನ್ನದಾದರೆ ಹಿಂದೆ ನಿಲ್ಲುವ ಕೈಯೂ ತನ್ನದೇ ಆಗಬೇಕು, ಅದನ್ನು ಯಾರು ತಡೆಯುತ್ತಾರೋ ನೋಡೇಬಿಡೋಣ.

ಎತ್ತು ಸಾಕುವ ಕಾಲ ಮುಗಿದಿತ್ತು. ದೊಡ್ಡ ಟ್ರ್ಯಾಕ್ಟರು ಕೈಗೆಟಕುವ ಮಾತಲ್ಲ, ಮೇಲಾಗಿ ಹಸಿ ಎರೆಭೂಮಿಯನ್ನು ತುಳಿದು ಗಟ್ಟಿ ಮಾಡುತ್ತದೆ. ತೋಟದ ಸಾಲುಗಳ ನಡುವೆ ಓಡಾಡುವ ಸಣ್ಣ ಟ್ರ್ಯಾಕ್ಟರು, ಅದೂ ಹಳೆಯದು ಸಿಕ್ಕರೆ ಸಾಕೆಂದು ಎರಡು ಎಮ್ಮೆ ಮಾರಿದಳು. ವಾಡಿಯಲ್ಲಿ ಸಿಮೆಂಟು ಲಾರಿ ಓಡಿಸುವ ತಮ್ಮ ಉದಯಕುಮಾರನನ್ನು ಕರೆದುಕೊಂಡು ಶಹಾಬಾದಿಗೆ ಹೋದಳು. ಅಲ್ಲಿ ಅಬ್ದುಲ್ ಕರೀಮ್ ಎಂಬವರು ಹಳೆ ಗಾಡಿ ಮಾರುತ್ತಾರೆ. ಅವರ ಅಂಗಳದಲ್ಲಿ, ಫರ್ಸಿ ಕಲ್ಲಿನ ರಾಶಿಯ ಪಕ್ಕದಲ್ಲಿ, ಚಿಂಚೋಳಿ ಕಡೆಯ ಪಪ್ಪಾಯಿ ತೋಟದಲ್ಲಿ ಆರು ವರ್ಷ ದುಡಿದು ಬಂದ ಸಣ್ಣ ಟ್ರ್ಯಾಕ್ಟರು ನಿಂತಿತ್ತು, ಬದಿಗೆ ನೆಲ ಹರಗುವ ಒಂದು ಹಳೆ ಕುಂಟೆ. ಬಣ್ಣ ಹೋಗಿತ್ತು, ಸೀಟು ಹರಿದಿತ್ತು, ಆದರೆ ಒಂದೇ ಸಲಕ್ಕೆ ಚಾಲೂ ಆಯಿತು.

ಕರೀಮ್ ಸಾಬರು ಒಳ್ಳೆಯ ಮನುಷ್ಯರೇ. ಆದರೆ ಅವರ ಕಣ್ಣಿಗೆ ಅಂಗಳದಲ್ಲಿ ಕಾಣುತ್ತಿದ್ದದ್ದು ಉದಯಕುಮಾರ ಒಬ್ಬನೇ. ಕ್ಲಚ್ಚಿನ ವಿಷಯ ಅವನಿಗೆ, ಟೈರಿನ ವಿಷಯ ಅವನಿಗೆ, ಚಹಾ ಮೊದಲು ಅವನಿಗೆ. ಎಷ್ಟು ಎಕರೆ ಹೊಲವೆಂದು ಮೂರನೇ ಸಲ ಅವನನ್ನೇ ಕೇಳಿದಾಗ ಭೀಮಮ್ಮ ಕಪ್ಪು ಕೆಳಗಿಟ್ಟಳು.

"ಸಾಬ್ರ, ಯಾರಿಗಿ ಮಾರಾಕತ್ತೀರಿ ಅಂತ ಮೊದಲ ತಿಳಕೋರಿ. ಇವಗ ಲಾರಿ ಗೊತ್ತದ, ಹೊಲ ಗೊತ್ತಿಲ್ಲ. ಹಿಂದಿನ ಲಿಫ್ಟಿಗಿ ಆ ಕುಂಟಿ ಹಚ್ರಿ. ಅದರ ಮ್ಯಾಲ ನಾಕ ಫರ್ಸಿ ಇಟ್ಟು ಎತ್ತಿ ಬಿಡ್ರಿ. ನಾವು ಚಾ ಕುಡಿಯೂತನ ಅದು ಇಳೀಬಾರ್ದು. ಇಳದ್ರ ಲಿಫ್ಟ್ ಕೆಟ್ಟದಂತ ತಿಳೀರಿ."

ಕರೀಮ್ ಸಾಬರು ಆಗ ಮೊದಲ ಸಲ ಅವಳನ್ನು ನೋಡಿದರು. ಕಲ್ಲು ಇಟ್ಟು ಎತ್ತಿದರು. ಚಹಾ ಮುಗಿದು, ಎಲೆ ಅಡಿಕೆಯೂ ಮುಗಿದರೂ ಕುಂಟೆ ಒಂದು ಬೆರಳು ಇಳಿಯಲಿಲ್ಲ.

"ಇಷ್ಟ ವರ್ಷದಾಗ ಹಿಂಗ ನೋಡಿ ತಗೊಂಡವರು ಯಾರೂ ಇಲ್ಲ ಅಕ್ಕಾ," ಎಂದರು ಸಾಬರು.

"ಮೊದಲೇ ನನ್ನ ಕೇಳಿದ್ರ ಇನ್ನೂ ಲಗೂ ಮುಗೀತಿತ್ತ್ರಿ," ಎಂದಳು ಭೀಮಮ್ಮ.

ಟ್ರ್ಯಾಕ್ಟರು ಬಂತು. ಇನ್ನು ಅದಕ್ಕೆ ಹಚ್ಚುವ ಸಾಮಾನು. ಸೇಡಮ್ಮಿನ ವೆಲ್ಡಿಂಗ್ ಅಂಗಡಿಯ ಚೌಡೇಶ ಹರಗಲು ಒಂದು ಕುಂಟೆ, ಬೆಳೆದ ಸಾಲುಗಳ ನಡುವೆ ಎಡೆ ಹೊಡೆಯಲು ಸಣ್ಣ ಕುಂಟೆಗಳು, ಎಲ್ಲ ಮಾಡಿಕೊಟ್ಟ. ಕೂರಿಗೆಯ ಮಾತು ಬಂದಾಗ ತಕರಾರು ತೆಗೆದ.

"ಈಗ ಎಲ್ಲಾರೂ ಡಬ್ಬಿ ಕೂರಗಿನೇ ಹಾಕಸ್ತಾರ ಅಕ್ಕಾ. ಗಾಲಿ ತಿರಗಿದಂಗ ಕಾಳು ತಾವೇ ಬೀಳ್ತಾವ. ಕೈನೇ ಬೇಕಾಗಿಲ್ಲ."

"ಕೈ ಬ್ಯಾಡ ಅನ್ನೋ ಮಾತು ಮೂರು ವರ್ಷದಿಂದ ಕೇಳಾಕತ್ತೀನಿ ಚೌಡೇಶಾ, ನೀನೂ ಅದನ್ನೇ ಹೇಳಬ್ಯಾಡ. ಬಟ್ಟಲಾನೇ ಕೂಡ್ರಸು. ಅದರ ಹಿಂದ ಒಬ್ಬಾಕಿ ಕುಂತು ಬಿತ್ತೂವಂಗ ಹಲಗಿ ಹಾಕು."

"ಯಾರು ಕುಂದ್ರವ್ರು?"

"ನಾನು."

ಚೌಡೇಶ ಅವಳ ಬರಿ ಹಣೆಯನ್ನು ಒಮ್ಮೆ ನೋಡಿ, ಕಣ್ಣಿಗೆ ಕಪ್ಪು ಕನ್ನಡಕ ಏರಿಸಿಕೊಂಡು ಕೆಲಸಕ್ಕೆ ಬಾಗಿದ. ಹಲಗೆಯ ಅಳತೆ ಸರಿಯಾಗಲೆಂದು ಅವಳೇ ಮೂರು ಸಲ ಅದರ ಮೇಲೆ ಕೂತು, ಬಟ್ಟಲಿಗೆ ಕೈ ಸಲೀಸಾಗಿ ಎಟಕುವ ತನಕ ಬೆಸುಗೆ ಹಾಕಲು ಬಿಡಲಿಲ್ಲ.

ಈ ಸಲ ಮಿರಗದ ಮಳೆ ಹೊತ್ತಿಗೆ ಸರಿಯಾಗಿ ಬಿತ್ತು. ಎರಡನೇ ದಿನ ಸಿದ್ದಣ್ಣ ಸಾವ್ಕಾರರೇ ಅವಳ ಮನೆ ಬಾಗಿಲಿಗೆ ಬಂದರು. ಅವರ ಎತ್ತಿನ ಆಳು ಸಿಮೆಂಟು ಕಾರ್ಖಾನೆಯ ಕೆಲಸಕ್ಕೆಂದು ಕೋಡ್ಲಾಕ್ಕೆ ಹೋಗಿದ್ದ. ಹದ ಇನ್ನೆರಡು ದಿನ ಇದ್ದರೆ ಹೆಚ್ಚು.

"ಭೀಮವ್ವಾ, ನಾಳಿ ನಮ್ಮ ಹೊಲಕ್ಕ ಕೂರಗಿ ತರ್ತಿ ಏನು?"

"ಕೂರಗಿ ಬಂದ್ರ ನನ್ನ ಕೈನೂ ಬರ್ತದ ಸಾವ್ಕಾರ್ರ."

"ಬರ್ಲಿ, ಬರ್ಲಿ," ಎಂದು ಅವರು ಹೋದರು.

ಆ ಎರಡು 'ಬರ್ಲಿ'ಗೆ ಭೀಮಮ್ಮ ಎಷ್ಟು ಹಿಗ್ಗಿದಳೆಂದರೆ ತನ್ನ ಎರಡು ಎಕರೆಯ ಬಿತ್ತಿಗೆಯನ್ನು ಹಿಂದಕ್ಕೆ ತಳ್ಳಿದಳು. ಯಾವ ಹೊಲ ತನ್ನ ಕೈಯನ್ನು ಬೇಡವೆಂದಿತ್ತೋ ಅದೇ ಹೊಲದಲ್ಲಿ ಮತ್ತೆ ಬಿತ್ತಬೇಕು, ಇಡೀ ಊರು ನೋಡಬೇಕು. ಅವಳಿಗೆ ಬೇಕಾಗಿದ್ದು ಅದೊಂದೇ. ನಾಲ್ಕು ದಿನ ರಜೆ ಹಾಕಿ ಬಂದಿದ್ದ ತಮ್ಮನನ್ನು ಬೆಳಕು ಹರಿಯುವ ಮೊದಲೇ ಎಬ್ಬಿಸಿ, ಒಗೆದಿಟ್ಟ ಸೀರೆ ಉಟ್ಟು ಹೊರಟಳು.

ಹೊಲದಲ್ಲಿ ಪೂಜೆಗೆ ಎಲ್ಲ ಸಿದ್ಧವಾಗಿತ್ತು. ಸಾವ್ಕಾರರ ಸೊಸೆ ಅಂಬುಜಾ, ಚಿತ್ತಾಪುರದಲ್ಲಿ ಶಾಲೆ ಕಲಿಸುವ ಹುಡುಗಿ, ರೇಷ್ಮೆ ಸೀರೆ ಉಟ್ಟು ತುಂಬಿದ ಉಡಿ ಹಿಡಿದು ನಿಂತಿದ್ದಳು. ಟ್ರ್ಯಾಕ್ಟರು ನಿಂತದ್ದೇ ತಡ, ಸಾವ್ಕಾರರು ಅವಳನ್ನು ಕೈ ಹಿಡಿದು ಹಲಗೆಯ ಮೇಲೆ ಕೂರಿಸಿದರು. ಭೀಮಮ್ಮ ಅಳತೆ ಕೊಟ್ಟು ಮಾಡಿಸಿದ ಹಲಗೆ ಅದು.

"ಮೊದಲ ಸುತ್ತ ಮುತ್ತೈದಿ ಕೈಲೆ ಆಗ್ಲಿ. ನೀ ಒಂದೀಟ ಬದುವಿನ ಅತ್ಲಾಗ ನಿಂದ್ರು ಭೀಮವ್ವಾ," ಎಂದರು, ಮಳೆ ಬಂತು ಒಳಗೆ ಹೋಗು ಎನ್ನುವಷ್ಟು ಸಹಜವಾಗಿ.

ಭೀಮಮ್ಮ ಬಾಯಿ ತೆರೆಯುವಷ್ಟರಲ್ಲಿ ಸಾವ್ಕಾರರು ಕೈ ಬೀಸಿ, ಉದಯಕುಮಾರ ಟ್ರ್ಯಾಕ್ಟರು ಹೊರಡಿಸಿದ್ದ. ಬದು ದಾಟಿ ನಿಂತು ನೋಡಿದಳು. ಅಂಬುಜಾ ಪಾಪ, ಒಂದು ಕೈಯಲ್ಲಿ ಕಂಬಿ ಬಿಗಿಯಾಗಿ ಹಿಡಿದು ಇನ್ನೊಂದು ಕೈಯಿಂದ ಕಾಳು ಸುರಿಯುತ್ತಿದ್ದಳು. ಗಾಡಿ ಕುಲುಕಿದಾಗೊಮ್ಮೆ ಒಂದು ಹಿಡಿ ಪೂರಾ ಬಟ್ಟಲಿಗೆ, ಆಮೇಲೆ ಹತ್ತು ಹೆಜ್ಜೆ ಏನೂ ಇಲ್ಲ. ಅರ್ಧ ಎಕರೆಯ ಬೀಜ ಒಂದೇ ಸುತ್ತಿಗೆ ಖಾಲಿಯಾಯಿತು. ಅಡುಗೆಮನೆಯಲ್ಲಿ ಹಾಲು ಉಕ್ಕಿದರೆ ಕೈ ತಾನೇ ಓಡುವ ಹಾಗೆ ಭೀಮಮ್ಮನ ಬೆರಳುಗಳು ತಾವೇ ಮಡಿಚಿ ಬಿಚ್ಚುತ್ತಿದ್ದವು.

ಗಾಡಿ ತಿರುಗಿ ಬಂದು ನಿಂತಿತು. ಸೊಸೆ ಇಳಿದಳು.

"ಆತು, ಶಾಸ್ತ್ರ ಮುಗೀತು. ಬಾ ಭೀಮವ್ವಾ, ಇನ್ನ ನೀ ಕುಂದ್ರು," ಎಂದರು ಸಾವ್ಕಾರರು.

ನಿಂದ್ರು ಎಂದದ್ದಕ್ಕಿಂತ ಈ ಕುಂದ್ರು ಎಂದದ್ದೇ ಭೀಮಮ್ಮನಿಗೆ ಬೆಂಕಿ ಹಚ್ಚಿತು. ಬದು ದಾಟಿ ಬಂದಳು.

"ಎಲ್ಲಿಂದ ಬಿತ್ಲಿ ಸಾವ್ಕಾರ್ರ?"

"ಎಲ್ಲಿಂದ ಅಂದ್ರ? ಇಲ್ಲಿಂದ. ಮುಂದಿನ ಸಾಲಿನಿಂದ."

"ಆ ಸಾಲಿಗಿ ನನ್ನ ಕೈ ಕೆಟ್ಟದ್ದು, ಈ ಸಾಲಿಗಿ ಚಲೋದು. ನಡುವ ಏನಾತ್ರಿ? ನನ್ನ ಗಂಡ ಎದ್ದು ಬಂದನೇನು?"

ಸಾವ್ಕಾರರು ಸೊಸೆಯ ಕಡೆ ನೋಡಿದರು, ಮೋಡದ ಕಡೆ ನೋಡಿದರು. "ನಾ ಮಾಡಿದ ಪದ್ಧತಿ ಏನಲ್ಲವ್ವಾ ಇದು. ಹಿಂದಿನಿಂದ ಬಂದದ್ದು. ಬೇಕಂದ್ರ ಬಾಡಿಗಿ ಹೆಚ್ಚ ತಗೋ."

"ಬಾಡಿಗಿ ಯಾರು ಕೇಳ್ಯಾರ? ಆ ಕೆಟ್ಟ ಸಾಲು ಕೆಡಸ್ರಿ. ನನ್ನ ಉಡಿಗಿ ಬೀಜ ಹಾಕ್ರಿ. ಮೊದಲನೇ ಸಾಲಿನಿಂದ ನಾ ಬಿತ್ತತೀನಿ. ಇಲ್ಲಂದ್ರ ಹೊಂಟೆ."

"ಮಾವಾ, ಅವರೇ ಬಿತ್ತಲಿ. ನನಗ ಬರಂಗಿಲ್ಲ," ಎಂದಳು ಅಂಬುಜಾ ಮೆಲ್ಲಗೆ.

"ನೀ ಸುಮ್ಮ ಇರು," ಎಂದರು ಸಾವ್ಕಾರರು. ಹದ ಆರಿದರೂ ಸೈ, ಬೀಜ ಹಾಳಾದರೂ ಸೈ, ಮೊದಲನೇ ಸಾಲಿನಿಂದ ನೀನೇ ಬಿತ್ತು ಎಂಬ ಒಂದು ಮಾತು ಅವರ ಬಾಯಿಂದ ಬರಲೊಲ್ಲದು. ಭೀಮಮ್ಮ ಟ್ರ್ಯಾಕ್ಟರಿನ ಕಡೆ ತಿರುಗಿದಳು.

"ಉದಯಾ, ಕೂರಗಿ ಎತ್ತು," ಎಂದಳು.

ದಾರಿಯುದ್ದಕ್ಕೂ ಅವಳ ಬಾಯಿ ನಿಲ್ಲಲಿಲ್ಲ. ಇವರಿಗೆ ನನ್ನ ಗಾಡಿ ಬೇಕು, ನನ್ನ ಬೆವರು ಬೇಕು, ಹಣೆ ಮಾತ್ರ ಬೇಡ. ಹನ್ನೆರಡು ವರ್ಷ ಇವರ ಕಣಜ ತುಂಬಿಸಿದ ಕೈ ಇದು. ಒಬ್ಬಳನ್ನು ಆಚೆ ನಿಲ್ಲಿಸುವಾಗ ಇವರ ಎದೆ ಚುರುಕ್ ಅನ್ನುವುದಿಲ್ಲವೇ, ಮನುಷ್ಯರೇ ಇವರು? ಉದಯಕುಮಾರ ಹೂಂ ಹೂಂ ಎನ್ನುತ್ತ ಸ್ಟೇರಿಂಗ್ ಹಿಡಿದಿದ್ದ.

ಅವಳ ಎರಡು ಎಕರೆಯಲ್ಲಿ ಅತ್ತೆ ಯಂಕಮ್ಮ, ಕೂರಿಗೆ ಯಾವಾಗ ಬಂದರೂ ತಡವಾಗದಿರಲೆಂದು ಬೀಜದ ಚೀಲ, ನೀರಿನ ಕೊಡ ತಂದಿಟ್ಟು ಕಾಯುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ, ಸೊಸೆ ಈ ಮನೆಗೆ ಬರುವ ಮೊದಲೇ ಗಂಡನನ್ನು ಕಳೆದುಕೊಂಡವಳು. ಭೀಮಮ್ಮ ಇಳಿದವಳೇ ಸೀರೆಯ ಸೆರಗು ಸಿಕ್ಕಿಸಿಕೊಳ್ಳುತ್ತ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳತೊಡಗಿದಳು. ಸಾವ್ಕಾರರು ಹೀಗಂದರು, ನಾನು ಹಾಗಂದೆ ಎಂದು ಅರ್ಧಕ್ಕೆ ಬಂದಾಗ ನೋಡುತ್ತಾಳೆ, ಅತ್ತೆ ಹತ್ತಿರದಲ್ಲಿಲ್ಲ. ಹೊಲದ ಮೂಲೆಯ ಜಾಲಿ ಗಿಡದ ಹತ್ತಿರ ಹೋಗಿ, ಈ ಕಡೆ ಬೆನ್ನು ಮಾಡಿ ನಿಂತಿದ್ದಾಳೆ.

"ಅತ್ತೀ, ನಾ ಹೇಳಾಕತ್ತಿದ್ರ ನೀ ಎಲ್ಲಿ ಹೋದಿ?"

"ಇಲ್ಲೇ ನಿಂತು ಕೇಳಾಕತ್ತೀನಿ, ಹೇಳು."

"ಅಲ್ಲಿ ಯಾಕ ನಿಂತಿ?"

ಯಂಕಮ್ಮ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. "ಈ ಜಾಗಾ ನೀನೇ ತೋರ್ಸಿದ್ದಿ ಅಲ್ಲವ್ವಾ. ಮದಿವ್ಯಾಗಿ ಬಂದ ವರ್ಷ. ಉಡಿ ತುಂಬೂ ಹೊತ್ತದ ಅತ್ತಿ, ನಿನ್ನ ನೆರಳು ಬೀಳತದ, ಆ ಗಿಡದ ಕಡಿ ನಿಂದ್ರು ಅಂದಿದ್ದಿ. ಅವತ್ತಿನಿಂದ ರೂಢಿ ಆಗ್ಯಾದ."

ಅಂದದ್ದು ನಿಜ. ಆಗ ಭೀಮಮ್ಮನಿಗೆ ಹತ್ತೊಂಬತ್ತು, ಮೊಳಕೈ ತನಕ ಹಸಿರು ಬಳೆ, ಊರಿನಲ್ಲೆಲ್ಲ ತನ್ನ ಕೈಯೇ ಕೈ ಎನ್ನುವ ಗರ್ವ. ಮಳೆ ಬಂತು ಒಳಗೆ ಹೋಗು ಎನ್ನುವಷ್ಟು ಸಹಜವಾಗಿ ಅಂದಿದ್ದಳು. ಎದೆ ಚುರುಕ್ ಅಂದಿರಲಿಲ್ಲ. ಹದಿನೆಂಟು ಮಿರಗ ಕಳೆದಿದ್ದವು, ಅತ್ತೆ ಎಲ್ಲಿ ನಿಂತಿದ್ದಾಳೆಂದು ಅವಳು ಒಂದು ಸಲವೂ ತಿರುಗಿ ನೋಡಿರಲಿಲ್ಲ. ತಾನು ಬದುವಿನ ಮೇಲೆ ನಿಂತು ಉರಿದುಹೋದ ಮೂರು ವರ್ಷವೂ ಮುದುಕಿ ಆ ಗಿಡದ ಹತ್ತಿರವೇ ಇದ್ದಳು. ಸಾವ್ಕಾರರನ್ನು ಕೇಳಿದ್ದೆಲ್ಲ ಈಗ ತಿರುಗಿ ಭೀಮಮ್ಮನ ಮುಂದೆಯೇ ಬಂದು ನಿಂತಿತು.

ಬೀಜದ ಚೀಲ ಎತ್ತಿಕೊಂಡು ಜಾಲಿ ಗಿಡದ ತನಕ ನಡೆದಳು. ಚೀಲ ಅತ್ತೆಯ ಮುಂದಿಟ್ಟು ಉಡಿ ಒಡ್ಡಿದಳು.

"ತುಂಬು ಅತ್ತಿ."

ಯಂಕಮ್ಮ ಎರಡೂ ಕೈ ಬೆನ್ನ ಹಿಂದೆ ಮಾಡಿದಳು. "ಬ್ಯಾಡವ್ವಾ. ಬೆಳಿ ಬರೋ ಹೊಲ. ನಾಳಿ ಏನಾರ ಹೆಚ್ಚುಕಮ್ಮಿ ಆದ್ರ ನನ್ನ ಮ್ಯಾಲ ಬರ್ತದ."

"ನೀ ತುಂಬೂತನ ಗಾಡಿ ಚಾಲೂ ಆಗಂಗಿಲ್ಲ," ಎಂದಳು ಭೀಮಮ್ಮ. ಉದಯಕುಮಾರ ಎಂಜಿನ್ ಬಂದ್ ಮಾಡಿದ.

ಮುದುಕಿ ಸೊಸೆಯ ಮುಖ ನೋಡಿದಳು. ಕೊಡದ ಹತ್ತಿರ ಹೋಗಿ ಕೈ ತೊಳೆದಳು, ತೊಳೆದದ್ದು ಸಾಲದೆನಿಸಿ ಇನ್ನೊಮ್ಮೆ ತೊಳೆದಳು, ಸೆರಗಿಗೆ ಒರೆಸಿಕೊಂಡಳು. ಒಂದು ಬೊಗಸೆ ಬೀಜ ಎತ್ತಿ ಉಡಿಗೆ ಹಾಕಿದಳು. ಇನ್ನೊಂದು, ಮತ್ತೊಂದು, ಚೀಲ ಅರ್ಧವಾಗುವ ತನಕ ಹಾಕಿದಳು. ಒಂದು ಕಾಳೂ ಹೊರಗೆ ಬೀಳಲಿಲ್ಲ. ಈ ಹೊಲಕ್ಕೆ ಹಿಂದೊಮ್ಮೆ ಬಿತ್ತುತ್ತಿದ್ದ ಕೈ ಇದು ಎಂಬುದು ಭೀಮಮ್ಮನಿಗೆ ಆಗ ಹೊಳೆಯಿತು.

"ಸಾಕೇನವ್ವಾ?" ಎಂದು ಕೇಳಿದಳು ಯಂಕಮ್ಮ.

ಉಡಿ ಭಾರವಾಗಿ ಸೊಂಟ ಜಗ್ಗುತ್ತಿದ್ದರೂ ಭೀಮಮ್ಮ ಇನ್ನಷ್ಟು ಅಗಲಕ್ಕೆ ಒಡ್ಡಿ, ತಲೆ ತಗ್ಗಿಸಿ ನಿಂತಳು.