ರೊಟ್ಟಿ ಬಡಿಯುತ್ತ ಕಲಿತ ಕನ್ನಡ

ಬೆಳಗಿನ ಐದೂಕಾಲು. ಭಾಲ್ಕಿ ತಾಲ್ಲೂಕಿನ ಭಾತಂಬ್ರಾದ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಒಂದೇ ದೀಪ ಉರಿಯುತ್ತಿದೆ. ಕಂಪ್ಯೂಟರಿನ ಮುಂದೆ ತಲೆಗೆ ಶಾಲು ಸುತ್ತಿಕೊಂಡು ಗುರಮ್ಮ ಕುಳಿತಿದ್ದಾರೆ. ಕಿವಿಯಲ್ಲಿ ಇಯರ್‌ಫೋನು, ಮಡಿಲಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ಪತ್ರಿಕೆಗೆ ಅವರ ಬಗ್ಗೆ ಬರೆಯಲೆಂದು ನಾನು ಹಿಂದಿನ ಸಂಜೆಯೇ ಬೀದರ್ ಬಿಟ್ಟು, ಭಾಲ್ಕಿಯಲ್ಲಿ ಗೆಳೆಯನ ಮನೆಯಲ್ಲಿ ಮಲಗಿ, ನಸುಕಿನಲ್ಲಿ ಅವನ ಬೈಕು ಕಸಿದುಕೊಂಡು ಥಂಡಿಯಲ್ಲಿ ನಡುಗುತ್ತ ಬಂದವನು. ಒಂದು ನಮಸ್ಕಾರವಾದರೂ ಸಿಕ್ಕೀತೆಂದುಕೊಂಡರೆ, ಅವರು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿ ಎಂದು ಸನ್ನೆ ಮಾಡುತ್ತಾರೆ. ಸರಿ, ನಾನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರುತ್ತೇನೆ.

ಎರಡು ನಿಮಿಷದ ನಂತರ ಕರುಣೆ ಬಂದು ಒಂದು ಇಯರ್‌ಫೋನನ್ನು ನನ್ನ ಕಿವಿಗೆ ಕೊಡುತ್ತಾರೆ. ಮೊದಲು ಕೇಳಿಸುವುದು ಮಾತಲ್ಲ, ಜೋಳದ ರೊಟ್ಟಿ ಬಡಿಯುವ ಸಪ್ಪಳ. ಟಪ್ ಟಪ್ ಟಪ್. ಅದರ ನಡುವೆ ಒಬ್ಬ ಹೆಣ್ಣುಮಗಳ ದನಿ: "ಅಕ್ಕಾರ, ಇವತ್ತ ಬದನಿಕಾಯಿ ಪಲ್ಯ ಮಾಡೀನ್ರಿ. ಉಪ್ಪು... ಜಾಸ್ತಿ ಬಿದ್ದದ. ಗಂಡ ಎದ್ದಿಲ್ಲ. ಎದ್ದರ ಬೈತಾನ." ಟಪ್ ಟಪ್. ನಾನು ನಕ್ಕುಬಿಡುತ್ತೇನೆ. "ನಗಬ್ಯಾಡ್ರಿ, ಈಕಿ ಹೋದ ವರ್ಷ ಇದೇ ದಿನಕ್ಕ ಕನ್ನಡದಾಗ ನೀರು ಕೇಳ್ಲಾಕೂ ಬರ್ತಿದ್ದಿಲ್ಲ" ಎಂದು ಗುರಮ್ಮ ಗದರುತ್ತಾರೆ.

ಔರಾದ್ ತಾಲ್ಲೂಕಿನ ಊರುಗಳಲ್ಲಿ, ಭಾಲ್ಕಿ ತಾಲ್ಲೂಕಿನ ಗಡಿಯ ಹಳ್ಳಿಗಳಲ್ಲಿ, ಮನೆಮಾತು ಮರಾಠಿಯಾಗಿರುವ ನಲವತ್ತೊಂದು ಹೆಂಗಸರು ಈಗ ಗುರಮ್ಮನವರ ವಿದ್ಯಾರ್ಥಿನಿಯರು. ಬಿಸಿಯೂಟದ ಅಡುಗೆಯವರಿದ್ದಾರೆ, ಅಂಗನವಾಡಿ ಸಹಾಯಕಿಯರಿದ್ದಾರೆ, ಬೀದರಿನ ಸಂತೆಗೆ ಕಾಯಿಪಲ್ಯ ತರುವವರಿದ್ದಾರೆ. ತರಗತಿ ಇಲ್ಲ, ಕರಿಹಲಗೆ ಇಲ್ಲ. ಐದಕ್ಕೆ ಗುರಮ್ಮ ವಾಟ್ಸಾಪಿನಲ್ಲಿ ಒಂದು ಪ್ರಶ್ನೆಯನ್ನು ಮಾತಿನಲ್ಲೇ ಕಳಿಸುತ್ತಾರೆ. ರೊಟ್ಟಿ ಮಾಡುತ್ತಲೇ ಅವರು ಒಂದು ನಿಮಿಷದ ಉತ್ತರ ಕಳಿಸಬೇಕು. ಗುರಮ್ಮ ಪ್ರತಿಯೊಂದನ್ನೂ ಎರಡೆರಡು ಸಲ ಕೇಳಿ, ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಉತ್ತರ ಹೇಳುತ್ತಾರೆ. ಎಷ್ಟೇ ತಪ್ಪಿದ್ದರೂ ದಿನಕ್ಕೆ ಒಂದನ್ನೇ ತಿದ್ದುತ್ತಾರೆ. "ಹತ್ತು ತಪ್ಪು ಒಮ್ಮೆಲೇ ಹೇಳಿದ್ರ ಮರುದಿನ ಫೋನೇ ಮುಟ್ಟಲ್ರಿ" ಎನ್ನುತ್ತಾರೆ. ಏಳೂವರೆಗೆ ಇದು ಮುಗಿಯಬೇಕು. ಆಮೇಲೆ ಮನೆ, ಅಡುಗೆ, ಮತ್ತೆ ಒಂಬತ್ತಕ್ಕೆ ಗ್ರಂಥಾಲಯದ ಮೇಲ್ವಿಚಾರಕಿಯ ಕೆಲಸ. ಭಾನುವಾರವೂ ರಜೆಯಿಲ್ಲ, ರೊಟ್ಟಿಗೆ ರಜೆ ಇಲ್ಲವಲ್ಲ.

ಐದೂ ನಲವತ್ತಕ್ಕೆ ಒಂದು ಸಂದೇಶ ಬರುತ್ತದೆ. ಗುರಮ್ಮ ಪೆನ್ನು ಕೆಳಗಿಡುತ್ತಾರೆ. ಬರೀ ಹನ್ನೊಂದು ಸೆಕೆಂಡು, ರೊಟ್ಟಿಯ ಸಪ್ಪಳವಿಲ್ಲ. "ಅಕ್ಕಾರ, ಬೀದರಕ್ಕ ಹೊಂಟೀನಿ. ರೊಟ್ಟಿ ಮಾಡಿಲ್ಲ. ಕೈ ನಡಗ್ತಾವ." ಗುರಮ್ಮ ಅದನ್ನು ಎರಡಲ್ಲ, ನಾಲ್ಕು ಸಲ ಕೇಳುತ್ತಾರೆ.

ಇದು ಔರಾದ್ ತಾಲ್ಲೂಕಿನ ಎಕಂಬಾದ ಮಹಾಮಾಯಾ ಅವರ ದನಿ. ವಯಸ್ಸು ನಲವತ್ತನಾಲ್ಕು. ಹನ್ನೆರಡು ವರ್ಷದಿಂದ ಅಂಗನವಾಡಿಯಲ್ಲಿ ಸಹಾಯಕಿ: ಕಸ ಗುಡಿಸಿ, ಅಡುಗೆ ಮಾಡಿ, ಮಕ್ಕಳ ಮೂಗು ಒರೆಸುವ ಕೆಲಸ. ಅಲ್ಲೇ ಈಗ ಕಾರ್ಯಕರ್ತೆಯ ಜಾಗ ಖಾಲಿಯಾಗಿದೆ. ಮರಾಠಿಯಲ್ಲಿ ಹತ್ತನೆಯವರೆಗೆ ಓದಿರುವ ಅವರಿಗೆ ಆ ಜಾಗ ಸಿಗಬೇಕಾದರೆ ಬೀದರಿನ ಕಚೇರಿಯಲ್ಲಿ ಕನ್ನಡ ಮಾತಿನ ಪರೀಕ್ಷೆಯೊಂದನ್ನು ದಾಟಬೇಕು. ಎರಡು ವರ್ಷದ ಹಿಂದೆ ಹೋಗಿ, ಮೂವರು ಅಧಿಕಾರಿಗಳ ಮುಂದೆ ಒಂದು ಅಕ್ಷರ ಹೊರಡದೆ ಎದ್ದು ಬಂದಿದ್ದರು. ವಯಸ್ಸಿನ ಲೆಕ್ಕದಲ್ಲಿ ಇವತ್ತಿನದು ಕೊನೆಯ ಅವಕಾಶ. ತಪ್ಪಿದರೆ ತಾವು ಎತ್ತಿ ಆಡಿಸಿದ ಮಕ್ಕಳಿಗೆ ಪಾಠ ಹೇಳಲು ಬೇರೆ ಯಾರೋ ಬರುತ್ತಾರೆ, ಇವರು ಕಸಬರಿಗೆ ಹಿಡಿದು ಪಕ್ಕಕ್ಕೆ ಸರಿಯಬೇಕು.

"ಮಹಾಮಾಯಾಬಾಯಿ, ಕೈ ನಡಗಿದ್ರ ನಡಗಲಿ ಬಿಡ್ರಿ. ಹೋಗ್ರಿ ನೀವು. ನಿಮಗ ಬರ್ತದ, ನನಗ ಮಾಲೂಮ್ ಅದ. ನಾ ಇಲ್ಲೇ ಕುಂತಿರ್ತೇನಿ." ಇಷ್ಟು ಕಳಿಸಿ ಗುರಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಇವತ್ತು ತಪ್ಪು ತಿದ್ದಲಿಲ್ಲವಲ್ಲ ಎಂದು ನಾನು ಕೆಣಕಿದರೆ, "ಇವತ್ತೂ ತಿದ್ದಬೇಕೇನ್ರಿ? ನಿಮಗ ಕರುಳ ಅದನೋ ಇಲ್ಲೋ?" ಎಂದು ಬೈಸಿಕೊಳ್ಳಬೇಕಾಯಿತು.

ಗುರಮ್ಮನವರಿಗೆ ಈಗ ನಲವತ್ತೇಳು. ತವರು ಖಟಕ ಚಿಂಚೋಳಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಹೋದದ್ದು ಗಡಿಯಾಚೆ, ಮಹಾರಾಷ್ಟ್ರದ ಉದಗೀರದ ಕಡೆಯ ಮನೆಗೆ. "ಅಲ್ಲಿ ಎಲ್ಲಾ ಮರಾಠಿರಿ. ಎಂಟು ತಿಂಗಳು ನಂದು ಬರೀ ಹೂಂ, ಉಹೂಂ. ಓಣ್ಯಾಗ ನನಗ ಮೂಕ ಸೊಸಿ ಅಂತಿದ್ರು. ನೀರಿಗೆ ಹೋದಲ್ಲಿ ಅತ್ತು ಬರ್ತಿದ್ದೆ" ಎಂದು ಹೇಳುವಾಗ ಅವರ ದನಿ ಇವತ್ತಿಗೂ ಸಣ್ಣದಾಗುತ್ತದೆ. ಆ ಮೂಕತನ ಬಿಡಿಸಿದವರು ಶಾಲೆಯ ಮೆಟ್ಟಿಲು ಹತ್ತದ ಅತ್ತೆ ಸುಭದ್ರಾಬಾಯಿ. ಸೊಸೆಯನ್ನು ಒಲೆಯ ಮುಂದೆ ಕೂರಿಸಿ, ಕೈಗೆ ಹಿಟ್ಟಿನ ಉಂಡೆ ಕೊಟ್ಟು, "ಬೋಲ್" ಎನ್ನುತ್ತಿದ್ದರಂತೆ. ಮಾತಾಡು. ತಪ್ಪಾದರೆ ನಗುತ್ತಿರಲಿಲ್ಲ, ತಾವೇ ಒಮ್ಮೆ ಸರಿಯಾಗಿ ಅಂದು ಮುಂದಿನ ರೊಟ್ಟಿಗೆ ಹೋಗುತ್ತಿದ್ದರು. "ಕೈ ಕೆಲಸದಾಗ ಇದ್ರ ಬಾಯಿಗೆ ಅಂಜಿಕಿ ಇರಲ್ಲ ಅಂತ ಆಕಿಗೆ ಯಾರ ಹೇಳಿದ್ರೋ ಏನೋ!"

ಮುಂದೆ ಗಂಡ ಅಮರನಾಥರ ಹೊಲಿಗೆ ಕೆಲಸಕ್ಕಾಗಿ ಮನೆಮಂದಿಯೆಲ್ಲ ಭಾತಂಬ್ರಾಕ್ಕೆ ಬಂದರು. ನಾಲ್ಕು ವರ್ಷದ ಹಿಂದೆ ಭಾಲ್ಕಿಯ ಒಂದು ಆಸ್ಪತ್ರೆಯ ಸಾಲಿನಲ್ಲಿ, ಮೈ ಸುಡುವ ಮಗುವನ್ನು ಎತ್ತಿಕೊಂಡು ನಿಂತ ಮರಾಠಿ ಹೆಂಗಸೊಬ್ಬಳು ಜ್ವರ ಎಂದಿನಿಂದ ಎಂದು ಕನ್ನಡದಲ್ಲಿ ಹೇಳಲಾಗದೆ ಬೆರಳು ಎಣಿಸಿ ತೋರಿಸುತ್ತಿದ್ದದ್ದನ್ನು ಗುರಮ್ಮ ನೋಡಿದರು. ಮಧ್ಯೆ ನಿಂತು ಎರಡೂ ಮಾತು ಆಡಿದರು. ಹೊರಗೆ ಬಂದ ಮೇಲೆ ತಮ್ಮ ನಂಬರು ಕೊಟ್ಟು, "ನಾ ಕಲಸ್ತೇನಿ, ಫೋನ್ ಮಾಡ್ರಿ" ಅಂದುಬಿಟ್ಟರು. ಹ್ಯಾಗೆ ಕಲಿಸುವುದೆಂದು ಆಗ ಅವರಿಗೇ ಗೊತ್ತಿರಲಿಲ್ಲ.

ಮೊದಲು ಇಂಟರ್ನೆಟ್ಟಿನಲ್ಲಿ ಸಿಕ್ಕ ಕನ್ನಡ ಕಲಿಕೆಯ ವಿಡಿಯೊಗಳನ್ನೆಲ್ಲ ಹುಡುಕಿ ಕಳಿಸಿದರು. ಹೆಂಗಸರು ನೋಡಿದರು, ಚಂದ ಅದ ಅಂದರು, ಬಾಯಿ ಮಾತ್ರ ಬಿಡಲಿಲ್ಲ. ಅಲ್ಲಿಯ ಕನ್ನಡವೂ ಈ ಕಡೆಯ ಬಸ್‌ಸ್ಟ್ಯಾಂಡಿನಲ್ಲಿ ಕಿವಿಗೆ ಬೀಳುವಂಥದ್ದಲ್ಲ. ಆಗ ದನಿಯ ಸಂದೇಶ ಶುರುವಾಯಿತು. ಭಾಲ್ಕಿಯ ಮೊಬೈಲ್ ಅಂಗಡಿಯ ಹಬೀಬ, ಆ ಸಂದೇಶಗಳನ್ನು ಗ್ರಂಥಾಲಯದ ಕಂಪ್ಯೂಟರಿನಲ್ಲಿ ತೆಗೆದು, ಒಬ್ಬೊಬ್ಬರ ಹೆಸರಿಗೆ ಒಂದೊಂದು ಫೋಲ್ಡರ್ ಮಾಡಿ ಇಡುವುದನ್ನು ಮೂರು ಮಧ್ಯಾಹ್ನ ಕೂತು ಕಲಿಸಿಕೊಟ್ಟ. ಈಗ ಅದರಲ್ಲಿ, ಕಲಿತು ಮುಗಿಸಿದವರದೂ ಸೇರಿ, ನೂರ ಇಪ್ಪತ್ತಾರು ಹೆಂಗಸರ ದನಿ ಇದೆ. ಯಾರಾದರೂ ಬೇಸತ್ತು ಬಿಡುತ್ತೇನೆಂದರೆ ಗುರಮ್ಮ ಅವರದೇ ಮೊದಲ ದಿನದ ದನಿಯನ್ನು ಅವರಿಗೆ ಕಳಿಸುತ್ತಾರೆ. ಹಾಗಿದ್ದೂ ಹನ್ನೊಂದು ಮಂದಿ ಬಿಟ್ಟುಹೋಗಿದ್ದಾರೆ, ಹೆಚ್ಚಿನವರು ಗಂಡ ಫೋನು ಕಿತ್ತುಕೊಂಡದ್ದರಿಂದ. ಆ ಫೋಲ್ಡರುಗಳನ್ನೂ ಅಳಿಸಿಲ್ಲ.

ಈ ರೊಟ್ಟಿಯ ನಿಯಮ ಬಂದದ್ದು ಮಹಾಮಾಯಾ ಅವರಿಂದಲೇ. ಮೊದಲ ನಾಲ್ಕು ತಿಂಗಳು ಅವರ ಸಂದೇಶ ಎಷ್ಟು ಸ್ವಚ್ಛವೆಂದರೆ ಒಂದೂ ತಪ್ಪಿಲ್ಲ, ತಡವರಿಕೆಯಿಲ್ಲ. ಗುರಮ್ಮ ಊರೆಲ್ಲ ಹೇಳಿಕೊಂಡು ಮೆರೆದರು. ಒಂದು ದಿನ ಖುಷಿಗೆ ನೇರ ಫೋನ್ ಮಾಡಿ, "ಊಟ ಆಯ್ತೇನ್ರಿ?" ಎಂದರೆ ಆ ಕಡೆ ಬರೀ ಅಳು. ಕಾಲೇಜಿಗೆ ಹೋಗುವ ಮಗಳು ಸಪನಾ ಕನ್ನಡ ವಾಕ್ಯಗಳನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಡುತ್ತಿದ್ದಳು, ತಾಯಿ ಬಾಗಿಲು ಹಾಕಿಕೊಂಡು ಓದಿ ಕಳಿಸುತ್ತಿದ್ದರು. ವಿಚಾರಿಸಿದರೆ ಹದಿನಾರು ಮಂದಿ ಅದನ್ನೇ ಮಾಡುತ್ತಿದ್ದರು! "ನನಗ ಸಿಟ್ಟು ಬರಲಿಲ್ರಿ. ತಪ್ಪು ಆಡಿದ್ರ ನಾ ನಕ್ಕೇನು ಅಂತ ಅಂಜ್ಯಾರಲ್ಲ ಅಂತ ಸಂಕಟ ಆಯ್ತು. ಅವತ್ತ ನಮ್ಮ ಅತ್ತಿ ನೆನಪಾದಳು."

ಮರುದಿನದಿಂದ ಹೊಸ ಕಾಯಿದೆ. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಮೈಕಿನ ಗುರುತನ್ನು ಮೇಲಕ್ಕೆ ಎಳೆದು ಬಿಟ್ಟರೆ ಅದು ತಾನೇ ಧ್ವನಿ ಹಿಡಿಯುತ್ತದೆ. ಆಮೇಲೆ ಎರಡೂ ಕೈ ಹಿಟ್ಟಿನಲ್ಲಿರಬೇಕು. ರೊಟ್ಟಿ ಬಡಿಯುವ ಸಪ್ಪಳ ಕೇಳಿಸದಿದ್ದರೆ ಪಾಠ ಮಂಜೂರಿಲ್ಲ. ಹಿಟ್ಟಿನ ಕೈಯಲ್ಲಿ ಚೀಟಿ ಹಿಡಿಯುವುದು ಹ್ಯಾಗೆ? ಮೊದಲ ವಾರ ಎಲ್ಲರ ಕನ್ನಡವೂ ಕುಂಟಿತು, ಮಹಾಮಾಯಾ ಅವರದಂತೂ ತೆವಳಿತು. ಆದರೆ ಅದು ಅವರದೇ ಕನ್ನಡವಾಗಿತ್ತು. "ಅದಾದ ಮ್ಯಾಲ ಹನ್ನೊಂದು ತಿಂಗಳ ಆತ್ರಿ. ಒಂದಿನಾ ತಪ್ಪಿಸಿಲ್ಲ ಆಕಿ. ಜ್ವರ ಬಂದಾಗೂ ಕೆಮ್ಮಿಕೋತ ಕಳಿಸ್ಯಾಳ."

ಇಷ್ಟೆಲ್ಲ ಹೇಳಿ ಗುರಮ್ಮ ಕಂಪ್ಯೂಟರಿನ ಫೋಲ್ಡರುಗಳತ್ತ ಬೆರಳು ತೋರಿಸುತ್ತಾರೆ. ಅತ್ತೆ ತೀರಿ ಆರು ವರ್ಷವಾಯಿತು. "ಇಷ್ಟ ಮಂದಿ ದನಿ ಇಟ್ಟೀನಿ ಇದರಾಗ. ಆಕಿದು ಒಂದ ಮಾತೂ ಇಲ್ರಿ. ಆವಾಗ ನನಗ ಈ ಬುದ್ಧಿ ಇದ್ದಿಲ್ಲ." ಕಂಪ್ಯೂಟರಿನ ಮೇಲಿನ ಧೂಳನ್ನು, ಅಲ್ಲಿ ಧೂಳೇ ಇಲ್ಲದಿದ್ದರೂ, ಒರೆಸುತ್ತಾರೆ.

ಆ ದಿನ ನಾನು ಬೀದರಿಗೆ ಮರಳಲಿಲ್ಲ. ಊಟದ ಹೊತ್ತಿಗೆ ಅಮರನಾಥ ಬುತ್ತಿ ತಂದುಕೊಟ್ಟು, "ಈಕಿ ನನ್ನ ಮಾತು ಒಂದ ಸರ್ತೀನೂ ಪೂರಾ ಕೇಳಲ್ರಿ, ಅವರದು ಎರಡೆರಡ ಸರ್ತಿ ಕೇಳ್ತಾಳ" ಎಂದು ನಗಿಸಲು ನೋಡಿದರು. ಗುರಮ್ಮ ನಗಲಿಲ್ಲ, ಉಣ್ಣಲೂ ಇಲ್ಲ. ಎರಡು ಗಂಟೆಗೆ ಫೋನು ಸದ್ದು ಮಾಡಿತು. ಅವರು ಅದನ್ನು ನನ್ನ ಕೈಗೆ ತುರುಕಿದರು: "ನೀವೇ ಹಚ್ಚರಿ, ನನಗ ಆಗಲ್ಲ."

ಹಿಂದೆ ಬಸ್ಸುಗಳ ಹಾರ್ನು, ಮುಂದೆ ಮಹಾಮಾಯಾ: "ಅಕ್ಕಾರ, ಮೂರು ಮಂದಿ ಕುಂತಿದ್ರು. ಮ್ಯಾಡಮ್ ಕೇಳಿದ್ರು, ಹೊಸಾ ಕೂಸು ಬಂದು ಅಳ್ತದ, ಏನ್ ಮಾಡ್ತಿ ಅಂತ. ನನ್ನ ಬಾಯಿ ಮುಚ್ಚಿತು. ಹಿಂದಿನ ಗತೀನೇ. ಆಮ್ಯಾಲ... ಮೇಜಿನ ಕೆಳಗ ನನ್ನ ಕೈ ರೊಟ್ಟಿ ಬಡೀತು. ಹಿಟ್ಟು ಇಲ್ಲ, ಸುಮ್ನ ಬಡದೆ. ಮಾತು ಬಂತ್ರಿ ಅಕ್ಕಾರ! ಕೂಸಿಗೆ ಎತ್ಕೋತೇನಿ, ಕಿಡಕ್ಯಾಗ ಗುಬ್ಬಿ ತೋರಿಸ್ತೇನಿ, ಅವರ ಅವ್ವನ ಭಾಷಾದಾಗ ಮೊದಲ ಮಾತಾಡ್ತೇನಿ, ಆಮ್ಯಾಲ ಕನ್ನಡ, ಅಂದೆ. ಮ್ಯಾಡಮ್ ಅಂದ್ರು, ಕೈ ಯಾಕ ಹಂಗ ಮಾಡ್ತಿ? ನಾ ಅಂದೆ, ರೊಟ್ಟಿ ಮಾಡ್ಲತ್ತೀನ್ರಿ. ಅವರು ನಕ್ಕರು. ನಾನೂ ನಕ್ಕೆ."

ಗುರಮ್ಮ ಅಳುತ್ತಿದ್ದರು, ಮುಚ್ಚಿಡದೆ, ಬಿಕ್ಕಿ ಬಿಕ್ಕಿ. ಪತ್ರಿಕೆ ಓದುತ್ತಿದ್ದ ಇಬ್ಬರು ಹಿರಿಯರು ಗಾಬರಿಯಾಗಿ ಎದ್ದು ನಿಂತರು. ಇಂಥ ಗಳಿಗೆಯಲ್ಲೂ ನಮ್ಮ ವೃತ್ತಿಯವರ ಚಟ ಬಿಡುವುದಿಲ್ಲ, ನಿಮಗೇನು ಆಸೆ ಎಂದು ನಾನು ಕೇಳಿಯೇಬಿಟ್ಟೆ. ಮೂಗು ಒರೆಸಿಕೊಳ್ಳುತ್ತ ಅವರು ಅಂದರು: "ದಿನಾ ಇಷ್ಟ ಮಂದಿ ರೊಟ್ಟಿ ಸಪ್ಪಳ ಕೇಳ್ತೇನಿ. ಒಂದ ರೊಟ್ಟೀನೂ ತಿಂದಿಲ್ರಿ. ಯಾರದರೆ ಮನಿದು ಒಂದ ತುಣುಕು ತಿನ್ನಬೇಕು ಅನಸ್ತದ."

ಒಂಬತ್ತನೇ ದಿನ ಆಯ್ಕೆಯಾದವರ ಪಟ್ಟಿ ಬಂತು. ಮಹಾಮಾಯಾ ಅವರ ಹೆಸರು ಅದರಲ್ಲಿತ್ತು. ಮುಂದಿನ ಭಾನುವಾರ ನಾನು ಮತ್ತೆ ಭಾತಂಬ್ರಾದಲ್ಲಿದ್ದೇನೆ. ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಲ್ಲುತ್ತಾರೆ, ಬಿಳಿ ಸೀರೆಗೆ ನೀಲಿ ಅಂಚು, ಎದೆಗವಚಿದ ಬಟ್ಟೆಯ ಗಂಟು. ಗುರಮ್ಮ ಕತ್ತೆತ್ತಿ, "ಯಾರ ಬೇಕಾಗಿತ್ರಿ?" ಎಂದು ಕೇಳುತ್ತಾರೆ. ದನಿಯಷ್ಟೇ ಪರಿಚಯ, ಮುಖ ಕಂಡವರಲ್ಲ, ವಾಟ್ಸಾಪಿನಲ್ಲೂ ಇದ್ದದ್ದು ಬುದ್ಧನ ಚಿತ್ರ. ಆ ಹೆಂಗಸು ಒಂದು ಹೆಜ್ಜೆ ಒಳಗಿಡುತ್ತಾರೆ.

"ಅಕ್ಕಾರ, ಬಸ್ಸು ಲೇಟ್ ಆಯ್ತ್ರಿ."

ಕುರ್ಚಿ ಹಿಂದಕ್ಕೆ ಉರುಳುತ್ತದೆ. ಇಬ್ಬರೂ ಅಪ್ಪಿಕೊಂಡು ಎಷ್ಟು ಹೊತ್ತು ನಿಂತರೋ, ನಾನು ಕಿಟಕಿಯಾಚೆ ನೋಡುತ್ತ ಕುಳಿತೆ. ಆಮೇಲೆ ಗಂಟು ಬಿಚ್ಚಿಕೊಳ್ಳುತ್ತದೆ: ನಸುಕಿನಲ್ಲಿ ಮಾಡಿದ ಏಳು ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಗುರಮ್ಮ ಒಂದು ತುಣುಕು ಮುರಿದು, ಹಿಂಡಿಯನ್ನೂ ಹಚ್ಚದೆ ಬಾಯಿಗಿಟ್ಟು ಕಣ್ಣು ಮುಚ್ಚುತ್ತಾರೆ.

"ಸಪ್ಪಳ ಕೇಳಿ ನೀ ದಪ್ಪ ಮಾಡ್ತಿ ಅಂದ್ಕೊಂಡಿದ್ದೆ ನೋಡು. ಎಷ್ಟ ತೆಳ್ಳಗ ಮಾಡೀದಿ!"

"ನಾಳಿಂದ ಕಳಿಸೋದು ಬ್ಯಾಡೇನ್ರಿ?" ಎಂದು ಮಹಾಮಾಯಾ ಮೆಲ್ಲಗೆ ಕೇಳುತ್ತಾರೆ.

"ಬಿಟ್ಟಿ ಅಂದ್ರ ಎಕಂಬಾಕ್ಕೇ ಬಂದು ಬೈತೇನಿ. ಐದಕ್ಕ ಕಳಿಸಬೇಕು." ಗುರಮ್ಮ ಇನ್ನೊಂದು ತುಣುಕು ಮುರಿದು ನನ್ನ ಕೈಗಿಡುತ್ತಾರೆ. ಅವರ ಕಣ್ಣು ಇನ್ನೂ ಒದ್ದೆಯಿದೆ. "ತಿನ್ರಿ. ನಮ್ಮ ಅತ್ತಿ ಕೈ ರೊಟ್ಟಿ ಹಿಂಗೇ ಇತ್ತು. ಸಾಲಿ ಮುಖ ನೋಡದಾಕಿ, ಆಕಿ ಕಲಿಸಿದ್ದು ಎಕಂಬಾ ಮುಟ್ಟೇದ ನೋಡ್ರಿ."