ಸಾಯದ ಮೀನು ಕೊಡ್ರಿ

ನನ್ನ ಕೈಗುಣ ಸರಿಯಿಲ್ಲವೆಂದು ಮೊದಲು ಹೇಳಿದವರು ನಮ್ಮತ್ತೆ. ಮದುವೆಯಾಗಿ ಸೊರಬಕ್ಕೆ ಬಂದ ವರ್ಷ, ನಾನು ನೆಟ್ಟ ಕರಿಬೇವಿನ ಗಿಡ ಒಣಗಿದಾಗ. ಆಮೇಲೆ ನಾನು ಹೆಪ್ಪು ಹಾಕಿದ ಹಾಲು ಮೊಸರಾಗದಿದ್ದರೂ ಅದೇ ಮಾತು. ಎರಡು ಸಲ ಗರ್ಭ ನಿಲ್ಲದೆ ಹೋದಾಗ ಮಾತ್ರ ಅವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ನನ್ನ ಕೈಯಿಂದ ಹೆಪ್ಪಿನ ಬಟ್ಟಲು ತೆಗೆದುಕೊಂಡರು, ಅಷ್ಟೆ. ಹೇಳಿದ್ದರೇ ವಾಸಿಯಿತ್ತು.

ನನ್ನ ಕೈಯಲ್ಲೂ ಒಂದು ಜೀವ ಬದುಕುತ್ತದೆಂದು ತೋರಿಸುವ ಹಟ ಹುಟ್ಟಿತು. ಶಿರಾಳಕೊಪ್ಪದ ಬಸ್ಸು ಹತ್ತಿ ಹೋಗಿ, ಬಣ್ಣದ ಮೀನು ಮಾರುವ ಅಂಗಡಿಯವನನ್ನು ಕೇಳಿದೆ: "ಸಾಯದ ಮೀನು ಕೊಡ್ರಿ."

ಅವನು ನಕ್ಕ. "ಸಾಯದ್ದು ಯಾವುದೂ ಇಲ್ಲಕ್ಕ. ಗೋಲ್ಡ್ ಫಿಶ್ ಬ್ಯಾಡ, ನೋಡಾಕೆ ಚಂದ, ನೀರು ಭಾಳ ಹೊಲಸು ಮಾಡ್ತದೆ. ಗಪ್ಪಿ ಒಯ್ರಿ, ಗಟ್ಟಿ ಜೀವ." ಆದರೆ ಅಂದೇ ಮೀನು ಕೊಡಲಿಲ್ಲ, ಗಾಜಿನ ತೊಟ್ಟಿ, ಫಿಲ್ಟರ್ ಮಾತ್ರ ಕೊಟ್ಟ. ತೊಟ್ಟಿಗೆ ನೀರು ತುಂಬಿ ಫಿಲ್ಟರ್ ಓಡಿಸಿ, ನೀರು ಹದಕ್ಕೆ ಬಂದ ಮೇಲೆ ಬನ್ನಿ ಎಂದು, ತನ್ನ ತೊಟ್ಟಿಯೊಳಗಿನ ಹಳೆ ಸ್ಪಂಜೊಂದನ್ನು ನೀರಿನ ಸಮೇತ ಕೊಟ್ಟ. "ಇದು ಹೆಪ್ಪು ಇದ್ದಂಗೆ, ಇದರಾಗಿನ ಸಣ್ಣ ಜೀವ ನೀರು ಹದ ಮಾಡ್ತಾವೆ. ಎಲ್ಲಾ ನೀರು ಒಮ್ಮೆಲೆ ಚೆಲ್ಬ್ಯಾಡ್ರಿ, ಮೀನು ಸಾಯ್ತಾವೆ." ಹಾಳಾದ ಹೆಪ್ಪು ಅಲ್ಲೂ ನನ್ನ ಬೆನ್ನು ಬಿಡಲಿಲ್ಲ.

ಒಂದು ತಿಂಗಳು ಕಾದು ಆರು ಗಪ್ಪಿ ತಂದೆ. ಅಷ್ಟರಲ್ಲಿ ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಮನೆಯ ಹಳೆ ನೀರನ್ನೆಲ್ಲ ಚೆಲ್ಲಿ, ಹಂಡೆ ಕೊಡ ತಿಕ್ಕಿ, ಹೊಸ ನೀರು ತುಂಬುವ ದಿನ. ಅತ್ತೆ ತೆಂಗಿನ ನಾರು ಹಿಡಿದು ಗಾಜಿನ ತೊಟ್ಟಿಯ ಮುಂದೆ ನಿಂತರು.

"ಹಬ್ಬದ ದಿನ ಹಳೆ ನೀರು ಮನೇಲಿ ಇರಬಾರ್ದು."

"ಅದನ್ನ ಮುಟ್ಬೇಡಿ," ಎಂದೆ. ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಗೊಣಗುತ್ತ ಸರಿದರು. ನನಗೆ ಒಳಗೊಳಗೇ ಹಿಗ್ಗು.

ಒಂದು ಮೀನೂ ಸಾಯಲಿಲ್ಲ. ಕೆಲವು ವಾರ ಕಳೆದು ಒಂದು ಬೆಳಿಗ್ಗೆ ತೊಟ್ಟಿಯೊಳಗಿನ ನೀರುಗಿಡದ ಸಂದಿಯಲ್ಲಿ ಮರಿಗಳು ಕಂಡವು, ಬರೀ ಕಣ್ಣು, ಮೈಯೇ ಇಲ್ಲದಂಥವು. ಗೆದ್ದೆ ಅಂದುಕೊಂಡೆ. ಗಂಡನನ್ನೂ ಅತ್ತೆಯನ್ನೂ ನಾನೇ ಕೂಗಿ ಕರೆದೆ. ಎಂಥ ದಡ್ಡಿ ನಾನು.

ಅತ್ತೆ ಕನ್ನಡಕ ಹಾಕಿಕೊಂಡು, ಬಗ್ಗಿ, ಒಂದೊಂದನ್ನೂ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ನೋಡು, ಮೀನಿಗೂ ಮಕ್ಕಳಾದ್ವು," ಎಂದರು.

ನಾನು ಗಂಡನ ಮುಖ ನೋಡಿದೆ. ಅವರು ನಗುತ್ತಿದ್ದರು.